ಇನ್ನೂರು ಕುಶನ್ ಕವರಿನ ಆರ್ಡರು

ಪ್ರಶ್ನೆ: ನಾವು ಯಲ್ಲಾಪುರ ಕಡೆಯ 14 ಮಂದಿ ಸಿದ್ದಿ ಹೆಂಗಸರು. ಕೌದಿ ಹೊಲಿಯುವುದನ್ನು ಅವ್ವ-ಅಜ್ಜಿಯರಿಂದ ಕಲಿತವರು. ಬೆಂಗಳೂರಿನ ಅಂಗಡಿಯೊಂದು 16 ಇಂಚಿನ 200 ಕುಶನ್ ಕವರು ಕೇಳಿದೆ. ಎಲ್ಲವೂ ಒಂದೇ ನಮೂನೆ, ಒಂದಕ್ಕೆ ₹180, ಒಂದು ತಿಂಗಳ ಗಡುವು. ಒಪ್ಪಬಹುದೇ? ಅಮೆರಿಕದಲ್ಲಿ ಕಪ್ಪು ಜನಾಂಗದ ಹೆಂಗಸರು ಇಂಥ ಕೌದಿಯಿಂದಲೇ ಸಂಘ ಕಟ್ಟಿ ಹೆಸರು ಮಾಡಿದರೆಂದು ತರಬೇತಿ ಕೊಡಲು ಬಂದವರು ಹೇಳಿದರು. ಅವರು ಮಾಡಿದ್ದು ಹೇಗೆ, ನಾವು ದರ ಕಟ್ಟುವುದು ಹೇಗೆ, ಸಂಘವನ್ನು ಯಾವ ರೀತಿ ನೋಂದಾಯಿಸಬೇಕು?

ಉತ್ತರ: ₹180ಕ್ಕೆ, ಒಂದೇ ನಮೂನೆಯಲ್ಲಿ, 200 ತುಂಡು ಬೇಡ. ಹಾಗೆಂದು ಅಂಗಡಿಯವರನ್ನು ಕೈಬಿಡಬೇಡಿ. ಬೇರೆ ಷರತ್ತಿನ ಮೇಲೆ ಮಾತಾಡಿ. ಅಮೆರಿಕದ ಅಲಬಾಮಾ ರಾಜ್ಯದ ಆ ಹೆಂಗಸರಿಗೂ ಹೆಚ್ಚುಕಡಿಮೆ ಇದೇ ಬಗೆಯ ಆರ್ಡರು ಬಂದಿತ್ತು. ಅದರಿಂದ ಆದ ಒಳಿತೂ ಕೆಡುಕೂ ದಾಖಲೆಯಲ್ಲಿದೆ. ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ಅಲಬಾಮಾ ನದಿ ತಿರುವು ತೆಗೆದುಕೊಳ್ಳುವಲ್ಲಿ, ಮೂರು ಕಡೆ ನೀರು ಸುತ್ತಿದ ಜಾಗ ಗೀಸ್ ಬೆಂಡ್. ವಿಲ್ಕಾಕ್ಸ್ ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಸೇರಿದ್ದು. ಹಿಂದೆ ಹತ್ತಿ ತೋಟದಲ್ಲಿ ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಉಳಿದರು. ತೋಟದ ಒಡೆಯನ ಅಡ್ಡಹೆಸರು ಪೆಟ್ವೇ ಇಂದಿಗೂ ಊರಿನ ಬಹುಪಾಲು ಮನೆಗಳಿಗಿದೆ. 1960ರ ದಶಕದಲ್ಲಿ ಇಲ್ಲಿನವರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೊಳೆಯಾಚೆಯ ಕ್ಯಾಮ್ಡೆನ್‌ಗೆ ಹೋಗತೊಡಗಿದಾಗ, 1962ರಲ್ಲಿ, ದೋಣಿ ಸೇವೆಯೇ ನಿಂತುಹೋಯಿತು. ಅದು ಮತ್ತೆ ಶುರುವಾದದ್ದು 2006ರಲ್ಲಿ. ಮತದ ಹಕ್ಕು ಕೇಳಿದ್ದಕ್ಕೆ ಸುತ್ತಲಿನ ಊರುಗಳಲ್ಲಿ ಗೇಣಿ ಜಮೀನು ಕಳೆದುಕೊಂಡ ಕುಟುಂಬಗಳಿದ್ದವು. ಹಳೆ ಬಟ್ಟೆಯ ಕ್ವಿಲ್ಟ್, ಅಂದರೆ ಅಲ್ಲಿನ ಕೌದಿ, ಹೊಲಿಯುವುದು ಮಾತ್ರ ಎಲ್ಲ ಮನೆಗಳಲ್ಲೂ ಇತ್ತು, ಚಳಿಗೆ ಬೇಕಿತ್ತು.

1965ರ ಕೊನೆಯಲ್ಲಿ ಫ್ರಾನ್ಸಿಸ್ ವಾಲ್ಟರ್ ಎಂಬ ಪಾದ್ರಿ ಹಗ್ಗದ ಮೇಲೆ ಒಣಗಲು ಹಾಕಿದ್ದ ಕ್ವಿಲ್ಟುಗಳನ್ನು ಕಂಡರು. ಒಂದಕ್ಕೆ 10 ಡಾಲರ್ ಕೊಟ್ಟು ಕೊಂಡು ನ್ಯೂಯಾರ್ಕಿನಲ್ಲಿ ಹರಾಜು ಹಾಕಿಸಿದರು. 1966ರ ಮಾರ್ಚ್‌ನಲ್ಲಿ ಹೆಂಗಸರು ಸೇರಿ ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿದರು. ಎಸ್ಟೆಲ್ ವಿದರ್‌ಸ್ಪೂನ್ ಅದನ್ನು ದೀರ್ಘಕಾಲ ಮುನ್ನಡೆಸಿದರು. ಇಲ್ಲಿ ಗಮನಿಸಬೇಕಾದದ್ದು ಹಣ ಹರಿದ ಕ್ರಮ: ಕೌದಿ ಮಾರಾಟವಾಗುವವರೆಗೆ ಹೊಲಿದವಳು ಕಾಯಲಿಲ್ಲ. ಮೊದಲು ಅವಳ ಕೈಗೆ ದುಡ್ಡು, ಆಮೇಲೆ ಮಾರಾಟ, ಮಿಕ್ಕಿದ್ದು ಸಂಘಕ್ಕೆ. ಬಡತನದಲ್ಲಿ ಕಟ್ಟಿದ ಅನೇಕ ಕರಕುಶಲ ಸಂಘಗಳು ಈ ಕ್ರಮವನ್ನು ತಲೆಕೆಳಗು ಮಾಡಿ ವರ್ಷದೊಳಗೆ ಮುಚ್ಚುತ್ತವೆ. ಮೂರು ತಿಂಗಳು ದುಡಿದು ದುಡ್ಡು ಕಾಣದ ಹೆಂಗಸು ಅಡಿಕೆ ಕೊಯ್ಲಿಗೆ ಹೋಗುತ್ತಾಳೆ, ಹೋಗಲೇಬೇಕು.

1969ರಲ್ಲಿ ಸಂಘ ಸ್ವಂತ ಜಾಗ ಕೊಂಡು ಹೊಲಿಗೆ ಕೇಂದ್ರ ಕಟ್ಟಿತು. ಆ ಜಾಗದ ಒಂದಿಷ್ಟನ್ನು, ಮತದಾನದ ಹಕ್ಕು ಕೇಳಿದ ಕಾರಣಕ್ಕೆ ಮನೆ ಕಳೆದುಕೊಂಡ ಕುಟುಂಬಗಳಿಗೆ ಮಾರಿತು. ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರವನ್ನೂ ನಡೆಸಿತು. ಎಳೆ ಮಗುವಿನ ತಾಯಿ ಹೊಲಿಯಲು ಕೂರಬೇಕಾದರೆ ಅದು ಬೇಕೇ ಬೇಕು.

ಈಗ ದಿಂಬಿನ ಕಥೆ. 1972ರಲ್ಲಿ ಸಿಯರ್ಸ್ ಎಂಬ ದೊಡ್ಡ ಮಳಿಗೆ ಸಂಸ್ಥೆ ಕಾರ್ಡ್‌ರಾಯ್ ಎಂಬ ಗೆರೆಗೆರೆಯ ದಪ್ಪ ಬಟ್ಟೆಯ ದಿಂಬಿನ ಹೊದಿಕೆ ಹೊಲಿದುಕೊಡುವ ಗುತ್ತಿಗೆ ಕೊಟ್ಟಿತು. ಅಳತೆ ಅವರದು, ಬಣ್ಣ ಅವರದು, ಎಲ್ಲವೂ ಒಂದೇ ಥರ. ಅದರಿಂದ ನಿಯಮಿತವಾಗಿ ಕೂಲಿ ಬಂತು. ಇದನ್ನು ಹಗುರವಾಗಿ ಕಾಣಬಾರದು. ಆ ಕೌಂಟಿಯಲ್ಲಿ ಕಪ್ಪು ಹೆಂಗಸಿಗೆ ಹೊಲ ಅಥವಾ ಬಿಳಿಯರ ಮನೆಗೆಲಸ ಬಿಟ್ಟು ಬೇರೆ ಸಂಬಳ ಸಿಗುವುದು ಅಪರೂಪವಾಗಿತ್ತು. ಆದರೆ ಅಲ್ಲಿ ಅವರ ಕಣ್ಣಿಗೆ, ಅವರ ತೀರ್ಮಾನಕ್ಕೆ ಕೆಲಸವಿರಲಿಲ್ಲ. ತಮಾಷೆ ನೋಡಿ, ಆ ದಿಂಬು ಕತ್ತರಿಸಿ ಉಳಿದ ಕಾರ್ಡ್‌ರಾಯ್ ಚೂರುಗಳನ್ನು ಹೆಂಗಸರು ಮನೆಗೆ ಒಯ್ದು ತಮ್ಮಿಷ್ಟದ ಕ್ವಿಲ್ಟ್ ಹೊಲಿದರು. ಇವತ್ತು ಮ್ಯೂಸಿಯಂ ಗೋಡೆಯ ಮೇಲಿರುವುದು ಆ ಚೂರುಗಳ ಕ್ವಿಲ್ಟು. ದಿಂಬಿನ ಹೊದಿಕೆಯಲ್ಲ. ಸಂಘ ಆಮೇಲೆ ಸೊರಗಿತು, 2012ರಲ್ಲಿ ಮುಚ್ಚಿತು.

ಹೆಸರು ಬಂದದ್ದು ಬೇರೆ ದಾರಿಯಿಂದ. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಮ್ಯೂಸಿಯಂನಲ್ಲಿ, ಅದೇ ವರ್ಷ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಗೀಸ್ ಬೆಂಡ್ ಕ್ವಿಲ್ಟುಗಳ ಪ್ರದರ್ಶನ ನಡೆಯಿತು. 2003ರಲ್ಲಿ ಹೊಲಿಯುವವರೇ ಒಡೆಯರಾದ ಇನ್ನೊಂದು ಕೂಟ, ಗೀಸ್ ಬೆಂಡ್ ಕ್ವಿಲ್ಟರ್ಸ್ ಕಲೆಕ್ಟಿವ್, ಹುಟ್ಟಿತು. ಅಲ್ಲಿ ಪ್ರತಿ ಕ್ವಿಲ್ಟಿಗೂ ಹೊಲಿದವಳ ಸಹಿ, ಸಂಖ್ಯೆ. 2006ರಲ್ಲಿ ಅಂಚೆ ಚೀಟಿ ಬಂತು. ಬೆನ್ನಿಗೇ ತಕರಾರೂ ಬಂತು: ಹಕ್ಕು ಯಾರದು, ಲಾಭ ಎಷ್ಟು ಎಂಬ ಬಗ್ಗೆ 2007ರಲ್ಲಿ ಕೆಲವು ಹೊಲಿಗೆಗಾರ್ತಿಯರು ಕೋರ್ಟಿಗೆ ಹೋದರು, 2008ರಲ್ಲಿ ಆ ಮೊಕದ್ದಮೆಗಳು ತೀರ್ಪಿಲ್ಲದೆ ಮುಗಿದವು. 2024ರಲ್ಲಿ ಟಾರ್ಗೆಟ್ ಮಳಿಗೆಗಳು ಅಲ್ಲಿನ ಐವರ ವಿನ್ಯಾಸ ಹೊತ್ತ ಸರಕು ಮಾರಿದಾಗ, ಅವರಿಗೆ ಸಿಕ್ಕಿದ್ದು ಒಂದೇ ಸಲದ ನಿಗದಿತ ಹಣ. ಮಾರಾಟ ಏರಿದರೂ ಪಾಲು ಏರಲಿಲ್ಲ. ಇದರ ಮೇಲೂ ಟೀಕೆ ಎದ್ದಿತು. 2021ರಿಂದ ಕೆಲವರು ಎಟ್ಸಿ ಜಾಲತಾಣದಲ್ಲಿ ತಂತಮ್ಮ ಹೆಸರಿನ ಅಂಗಡಿ ತೆರೆದು ನೇರವಾಗಿ ಮಾರುತ್ತಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅಷ್ಟೂ ವರ್ಷಗಳ ಪ್ರಯೋಗದಲ್ಲಿ ಹೊಲಿದವಳಿಗೆ ಅತಿ ಹೆಚ್ಚು ಹಿಡಿತ ಸಿಕ್ಕಿದ್ದು ಇದರಲ್ಲೇ. ಬೆಲೆ, ಹೆಸರು, ನಮೂನೆ ಮೂರೂ ಅವಳ ಬಳಿಯೇ ಉಳಿಯುತ್ತವೆ.

ಈ ಮೂರನ್ನು ಹಿಡಿದುಕೊಂಡು ನಿಮ್ಮ ಆರ್ಡರಿಗೆ ಬರೋಣ.

ಮೊದಲು ಬೆಲೆ. ದರವನ್ನು ಸಂತೆಯಲ್ಲಿ ಕೇಳಿ ಕಟ್ಟಬೇಡಿ, ಹೊಲಿಗೆಯ ಉದ್ದ ಅಳೆದು ಕಟ್ಟಿ. ಸಾಲಿನಿಂದ ಸಾಲಿಗೆ ಅರ್ಧ ಇಂಚು ಇದ್ದರೆ, 16 ಇಂಚಿನ ಚೌಕದಲ್ಲಿ ಒಟ್ಟು 512 ಇಂಚು, ಅಂದರೆ 13 ಮೀಟರ್ ಹೊಲಿಗೆ ಬೀಳುತ್ತದೆ. ನಿಮ್ಮಲ್ಲಿ ಮೂವರನ್ನು ಕೂರಿಸಿ (ಒಬ್ಬಳು ಚುರುಕು, ಒಬ್ಬಳು ನಿಧಾನ, ಒಬ್ಬಳು ನಡುವೆ) ಒಂದು ಮೀಟರ್ ಸಾಲಿಗೆ ಎಷ್ಟು ನಿಮಿಷ ಹಿಡಿಯುತ್ತದೆ ನೋಡಿ. ಸೂಜಿಗೆ ದಾರ ಪೋಣಿಸುವ, ಗಂಟು ಹಾಕುವ ಹೊತ್ತೂ ಅದರೊಳಗೇ ಬರಬೇಕು. ಲೆಕ್ಕಕ್ಕೆ 10 ನಿಮಿಷ ಎಂದಿಟ್ಟುಕೊಳ್ಳೋಣ. 130 ನಿಮಿಷ ಹೊಲಿಗೆಗೆ, 30 ನಿಮಿಷ ತೇಪೆ ಕತ್ತರಿಸಿ ಅಂಚು ಮಡಚಲು, 20 ನಿಮಿಷ ಹಿಂಬದಿ ಬಟ್ಟೆ ಮತ್ತು ಜಿಪ್ಪಿಗೆ. ಮೂರು ಗಂಟೆ ಆಯಿತು. ಬಟ್ಟೆ, ನೂಲು, ಜಿಪ್ಪಿಗೆ ₹70 ಎಂದಾದರೆ ₹180ರಲ್ಲಿ ಉಳಿಯುವುದು ₹110. ಸಂಘಕ್ಕೆ ನೂರಕ್ಕೆ 15ರಂತೆ ₹27 ತೆಗೆದರೆ ಹೊಲಿದವಳಿಗೆ ₹83, ಗಂಟೆಗೆ ₹28ರ ಆಸುಪಾಸು. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ₹370 ಇತ್ತು. ಎಂಟು ಗಂಟೆಗೆ ಹಂಚಿದರೆ ₹46. ಕಲೆ ಬಲ್ಲವಳಿಗೆ ಮಣ್ಣು ಹೊರುವುದಕ್ಕಿಂತ ಕಡಿಮೆ ಕೂಲಿ ಸಿಗುವ ಆರ್ಡರು ಇದು.

ಗಂಟೆಗೆ ₹60 ಇಟ್ಟರೆ ಕೂಲಿ ₹180, ಸಾಮಾನು ₹70, ಒಟ್ಟು ₹250. ಸಂಘದ 15 ಕಳೆದು ಇದು ನೂರಕ್ಕೆ 85 ಆಗಬೇಕಾದರೆ ಅಂಗಡಿಗೆ ಕೊಡುವ ದರ ₹295. ಇದಕ್ಕಿಂತ ಕೆಳಗೆ ಇಳಿಯಬೇಡಿ. ಗಡುವೂ ನೋಡಿ: 200 ತುಂಡಿಗೆ 600 ಗಂಟೆ ಬೇಕು. 14 ಜನ ಮನೆಗೆಲಸ ಮುಗಿಸಿ ದಿನಕ್ಕೆ ಮೂರು ಗಂಟೆ ಕೂತರೆ 42 ಗಂಟೆ; ಯಾರೂ ತಪ್ಪಿಸದಿದ್ದರೆ 15 ದಿನ. ಹಬ್ಬ, ಜ್ವರ, ಗದ್ದೆ ನಾಟಿ ಸೇರಿದರೆ ಒಂದು ತಿಂಗಳು ಸಾಲದು. ಆಗ ಸಾಲು ಅರ್ಧ ಇಂಚಿನಿಂದ ಮುಕ್ಕಾಲು ಇಂಚಿಗೆ ತಾನೇ ಜಾರುತ್ತದೆ, ಮಾಲು ವಾಪಸು ಬರುತ್ತದೆ.

ಪೂರ್ತಿ ಕೌದಿಗೂ ಇದೇ ಲೆಕ್ಕ. 60 ಇಂಚು ಅಗಲ, 90 ಇಂಚು ಉದ್ದದ ಕೌದಿಗೆ 274 ಮೀಟರ್ ಸಾಲು. ಜೋಡಿ ಎಳೆಯಲ್ಲಿ ಹೊಲಿದರೆ ಸುಮಾರು 700 ಮೀಟರ್ ನೂಲು ಬೇಕು. 46 ಗಂಟೆ ಹೊಲಿಗೆ, ಬಟ್ಟೆ ಆರಿಸಿ ಜೋಡಿಸಲು ಮತ್ತು ಮೂಲೆಯ ಫುಲ (ಮಡಚಿದ ಬಟ್ಟೆಯ ಹೂವು) ಕಟ್ಟಲು 8 ಗಂಟೆ; 54 ಗಂಟೆಗೆ ₹3,240. ಸಾಮಾನು, ತೊಳೆತ, ಚೀಟಿ, ಪ್ಯಾಕಿಂಗಿಗೆ ₹620. ಒಟ್ಟು ₹3,860, ಸಂಘದ ಪಾಲು ಸೇರಿದರೆ ₹4,550. ಅಂಗಡಿಯವರು ಮಾರುವ ಬೆಲೆಯಲ್ಲಿ ನೂರಕ್ಕೆ 40 ಇಟ್ಟುಕೊಳ್ಳುವುದಾದರೆ ಗಿರಾಕಿಗೆ ₹7,600 ಬೀಳುತ್ತದೆ. ನೀವೇ ಮೇಳದಲ್ಲಿ ಮಾರಿದರೂ ₹7,600ಕ್ಕೇ ಮಾರಿ. ಅಲ್ಲಿ ₹4,550ಕ್ಕೆ ಕೊಟ್ಟರೆ ಮುಂದೆ ಯಾವ ಅಂಗಡಿಯೂ ನಿಮ್ಮ ಮಾಲು ಇಡುವುದಿಲ್ಲ; ಮೇಲಾಗಿ ಮೇಳಕ್ಕೆ ಹೋಗಿ ಕೂತ ಇಬ್ಬರ ಬಸ್ ಚಾರ್ಜು, ಊಟ, ಎರಡು ದಿನದ ಕೂಲಿ ಆ 40ರಲ್ಲೇ ಹುಟ್ಟಬೇಕು.

ಕೂಲಿ ಹಂಚುವಾಗ ತುಂಡಿನ ಲೆಕ್ಕವೇ ಒಳ್ಳೆಯದು, ಆದರೆ ಒಪ್ಪಿಸಿದ ದಿನವೇ ಕನಿಷ್ಠ ಅರ್ಧ ಕೈಗೆ ಬರಬೇಕು. ಅದಕ್ಕೆ ಸಂಘದಲ್ಲಿ ತಿರುಗುವ ಹಣ ಬೇಕು. 10 ಕೌದಿಯ ಅರ್ಧ ಕೂಲಿ ₹16,200, ಸಾಮಾನಿಗೆ ₹6,200. ಸುಮಾರು ₹22,500 ಕೈಯಲ್ಲಿಲ್ಲದೆ 10 ಕೌದಿ ಶುರುಮಾಡಬೇಡಿ, ಐದಕ್ಕೆ ಇಳಿಸಿ. ಸ್ವಸಹಾಯ ಸಂಘದ ಸುತ್ತುನಿಧಿ ಇದ್ದರೆ ಅದನ್ನು ಇದಕ್ಕೆ ಮೀಸಲಿಡಿ, ಹೊಲಿಗೆ ಯಂತ್ರ ಕೊಳ್ಳಲು ಸುರಿಯಬೇಡಿ. ನಿಮ್ಮ ಮಾಲಿನ ಬೆಲೆ ನಿಂತಿರುವುದೇ ಕೈಹೊಲಿಗೆಯ ಮೇಲೆ.

ಮಾಲು ವಾಪಸು ಬರುವ ಕಾರಣಗಳು ಸಾಮಾನ್ಯವಾಗಿ ಮೂರು. ಒಂದು, ಬಣ್ಣ ಬಿಡುವುದು. ಹಳೆ ಸೀರೆ ಹತ್ತಾರು ಸಲ ಒಗೆದಿರುತ್ತದೆ, ತೊಂದರೆ ಕೊಡುವುದು ಟೈಲರ್ ಅಂಗಡಿಯಿಂದ ತಂದ ಹೊಸ ಚೂರು, ಅದರಲ್ಲೂ ಕೆಂಪು ಮತ್ತು ಕಡುನೀಲಿ. ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತಿ ನೋಡಿ. ಕಲೆ ಬಿದ್ದರೆ ಆ ಚೂರು ಬೇಡ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬುದನ್ನು ನಂಬಿ ಮಾಲು ಕಳಿಸಬೇಡಿ. ಎರಡು, ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆಸುವುದು. ಒಗೆದಾಗ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ, ಕೌದಿ ಸುಕ್ಕುಗಟ್ಟುತ್ತದೆ. ಮನೆಬಳಕೆಗೆ ನಡೆಯುತ್ತದೆ, ಮಾರಾಟಕ್ಕೆ ಪೂರ್ತಿ ಹತ್ತಿ, ಅದೂ ಒಮ್ಮೆ ಒಗೆದು ಒಣಗಿಸಿದ್ದು. ಮೂರನೆಯದು ನಿಮ್ಮ ಹೊಲಿಗೆಯ ಕ್ರಮದಿಂದಲೇ ಹುಟ್ಟುವಂಥದ್ದು. ಸಿದ್ದಿ ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಪ್ರತಿ ಸುತ್ತಿಗೂ ಸಡಿಲ ಬಟ್ಟೆ ಒಳಕ್ಕೆ ತಳ್ಳಿಕೊಂಡು ಹೋಗಿ ಕೊನೆಗೆ ನಡುವೆ ಉಬ್ಬು ನಿಲ್ಲುತ್ತದೆ. ಅಡಿಯ ಸೀರೆಯನ್ನು ನೆಲದ ಮೇಲೆ ಎಳೆದು ಹಾಸಿ ಉದ್ದಗಲಕ್ಕೆ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ನಾಲ್ಕೈದು ಸುತ್ತಿಗೊಮ್ಮೆ ಮತ್ತೆ ನೆಲಕ್ಕೆ ಹಾಸಿ ಕೈಯಾಡಿಸಿ, ದಾರವನ್ನು ಬಿಗಿಯಾಗಿ ಜಗ್ಗಬೇಡಿ. ಕುಶನ್ ಕವರಿನಲ್ಲಿ ಈ ಉಬ್ಬು ಇನ್ನೂ ಎದ್ದು ಕಾಣುತ್ತದೆ, ಏಕೆಂದರೆ ನಡುವೆಯೇ ದಿಂಬು ಹೊರಗೆ ತಳ್ಳುತ್ತದೆ.

ಇನ್ನು ಹೆಸರು. ಹಿಂಬದಿ ಮೂಲೆಗೆ ಹತ್ತಿಯ ಚೀಟಿಯೊಂದನ್ನು ನಾಲ್ಕೂ ಅಂಚು ಹೊಲಿದು ಕೂಡಿಸಿ: ಹೊಲಿದವಳ ಹೆಸರು, ಊರು, ತಿಂಗಳು-ವರ್ಷ, ಕ್ರಮಸಂಖ್ಯೆ, ತೊಳೆಯುವ ವಿಧಾನ. ಅದೇ ಸಂಖ್ಯೆ ಒಂದು ದಪ್ಪ ನೋಟ್‌ಬುಕ್ಕಿನಲ್ಲಿರಲಿ. ಕೌದಿಯ ಫೋಟೊ, ಅಳತೆ, ಗಂಟೆ, ಯಾರಿಗೆ ಎಷ್ಟಕ್ಕೆ ಹೋಯಿತು ಎಲ್ಲವೂ. ಹತ್ತು ವರ್ಷದ ನಂತರ ಮ್ಯೂಸಿಯಮ್ಮೋ ಸಂಗ್ರಾಹಕರೋ ಬಂದು ಕೇಳಿದರೆ ತೋರಿಸಲು ಇರುವುದು ಇದೊಂದೇ. ಅಂಗಡಿಯವರು ತಮ್ಮ ಬ್ರ್ಯಾಂಡಿನ ಚೀಟಿ ಹಾಕುವುದಾದರೆ ಪಕ್ಕದಲ್ಲಿ ಹಾಕಲಿ, ನಿಮ್ಮದನ್ನು ತೆಗೆಯಬಾರದು ಎಂದು ಕಾಗದದಲ್ಲೇ ಬರೆಸಿ.

ಕವರಿನ ಜೊತೆ ಬರೆಯುವ ಪರಿಚಯದ ವಿಷಯದಲ್ಲೂ ಒಂದು ಎಚ್ಚರಿಕೆ. ಸಿದ್ದಿಯರು ಆಫ್ರಿಕಾ ಮೂಲದವರೆಂಬುದು ಇತಿಹಾಸ. ಆದರೆ ‘ಸಾವಿರ ವರ್ಷದ ಆಫ್ರಿಕನ್ ವಿನ್ಯಾಸ’ ಎಂದು ಅಂಗಡಿಯವರು ಬರೆಯಲು ಹೊರಟರೆ ತಡೆಯಿರಿ. ಕೌದಿ ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿದೆ. ಬಣ್ಣದ ಜೋಡಣೆ, ಅಂಚಿನಿಂದ ಒಳಕ್ಕೆ ಸಾಗುವ ಹೊಲಿಗೆ, ಮೂಲೆಯ ಫುಲ ಇವುಗಳಿಂದ ನಿಮ್ಮದು ಬೇರೆಯಾಗಿ ಕಾಣುತ್ತದೆ. ಹೇಳಿಕೊಳ್ಳಲು ಅಷ್ಟು ಸಾಕು, ಅದು ನಿಜವೂ ಹೌದು. ಗೀಸ್ ಬೆಂಡ್ ಕ್ವಿಲ್ಟುಗಳ ಆಫ್ರಿಕನ್ ಬೇರಿನ ಬಗ್ಗೆಯೂ ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ.

ನಮೂನೆಯ ಮಾತು ಕಾನೂನಿನದು, ಆದರೂ ಕಷ್ಟದ್ದೇನಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 15ನೇ ಕಲಮಿನ ಪ್ರಕಾರ, ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಅದರ ಒಡೆಯರೋ ಅವರ ಒಪ್ಪಿಗೆ ಪಡೆದವರೋ ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ತುಂಡು ತಯಾರಿಸಿದರೆ ಅದರ ಮೇಲಿನ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ವಿನ್ಯಾಸ ಕಾಯ್ದೆಯ ವ್ಯಾಖ್ಯೆಯಲ್ಲಿ ಕೈಯಿಂದ ಮಾಡಿದ್ದೂ ಸೇರುತ್ತದೆ. ಒಂದೇ ನಮೂನೆಯ 200 ತುಂಡು ಅಪಾಯ ಎನ್ನುವುದಕ್ಕೆ ಇದೂ ಕಾರಣ. ಒಬ್ಬೊಬ್ಬಳೂ ತನ್ನಿಷ್ಟದಂತೆ ತೇಪೆ ಜೋಡಿಸಿದರೆ ಒಂದರಂತೆ ಇನ್ನೊಂದಿರುವುದಿಲ್ಲ, ಈ ಗೋಜೂ ಇರುವುದಿಲ್ಲ. ನಿಮ್ಮ ಕೌದಿಯ ಫೋಟೊ ತೆಗೆದು ಬಟ್ಟೆಗೆ ಪ್ರಿಂಟ್ ಹೊಡೆಯುವುದನ್ನು ಮಾತ್ರ ಪ್ರತ್ಯೇಕವಾಗಿ ನಿಷೇಧಿಸಿ. ಅಂಗಡಿಯವರಿಗೆ ಪ್ರಿಂಟ್ ಬೇಕೇಬೇಕು ಎಂದಾದರೆ ಮಾರಿದ ಪ್ರತಿ ತುಂಡಿಗೂ ಪಾಲು ಕೇಳಿ, ಒಂದೇ ಸಲದ ಹಣಕ್ಕೆ ಸಹಿ ಹಾಕಬೇಡಿ.

ನೋಂದಣಿಗೆ ಅವಸರವಿಲ್ಲ. 14 ಜನಕ್ಕೆ ರಾಜ್ಯದ ಸಂಜೀವಿನಿ ಯೋಜನೆಯ ಅಡಿಯ ಸ್ವಸಹಾಯ ಸಂಘ, ಇಬ್ಬರ ಸಹಿಯ ಬ್ಯಾಂಕ್ ಖಾತೆ ಸದ್ಯಕ್ಕೆ ಸಾಕು. 10 ಜನ ಉತ್ಪಾದಕರಿದ್ದರೆ ಉತ್ಪಾದಕರ ಕಂಪನಿಯನ್ನೂ ಕಟ್ಟಬಹುದು. ಅದಕ್ಕೆ ಐವರು ನಿರ್ದೇಶಕರು, ವರ್ಷವರ್ಷ ಆಡಿಟ್ಟು, ಸಲ್ಲಿಸಬೇಕಾದ ಕಾಗದಗಳು. ಒಂದು ಆರ್ಡರಿಗಾಗಿ ಕಂಪನಿ ಮಾಡಿ ಲೆಕ್ಕಿಗರ ಫೀಸಿಗೇ ದುಡಿಯುವುದು ಬೇಡ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಕುಶಲಕರ್ಮಿ ಗುರುತಿನ ಚೀಟಿ, ಅಂದರೆ ಪೆಹಚಾನ್ ಕಾರ್ಡು, 14 ಜನಕ್ಕೂ ಬೇರೆಬೇರೆಯಾಗಿ ಮಾಡಿಸಿ. ಸರ್ಕಾರಿ ಮೇಳಗಳಲ್ಲಿ ಮಳಿಗೆ ಕೇಳುವಾಗ ಅದು ಬೇಕು. ರಾಜ್ಯದೊಳಗಿನ ಸರಕು ಮಾರಾಟ ವರ್ಷಕ್ಕೆ ₹40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಹೊರರಾಜ್ಯಕ್ಕೆ ಆನ್‌ಲೈನ್ ಮಾರುವ ಮುನ್ನ ತೆರಿಗೆ ಸಲಹೆಗಾರರೊಬ್ಬರನ್ನು ಕಂಡು ಬನ್ನಿ.

ಜಾಗದ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ನ್ಯೂಯಾರ್ಕಿನಲ್ಲಿ ಲಿಂಡಾ ಗುಡ್ ಬ್ರಯಂಟ್ 1974ರಲ್ಲಿ ಕಪ್ಪು ಕಲಾವಿದರಿಗಾಗಿ ಜಸ್ಟ್ ಅಬೋವ್ ಮಿಡ್‌ಟೌನ್ ಎಂಬ ಗ್ಯಾಲರಿ ತೆರೆದರು. ಬಾಡಿಗೆ, ಸಾಲಗಳ ಜೊತೆ ಸೆಣಸುತ್ತಲೇ ಅದು 1986ರಲ್ಲಿ ಮುಚ್ಚಿತು. ಅದೇ ನಗರದ ಹಾರ್ಲೆಮ್‌ನಲ್ಲಿ ಬಾರ್ಬರಾ ಆನ್ ಟೀರ್ 1968ರಲ್ಲಿ ಕಟ್ಟಿದ ನ್ಯಾಷನಲ್ ಬ್ಲ್ಯಾಕ್ ಥಿಯೇಟರ್ 1983ರಲ್ಲಿ ಸ್ವಂತ ಕಟ್ಟಡ ಕೊಂಡಿತು. ಅವರು ತೀರಿಕೊಂಡ ಮೇಲೂ ಅದು ನಡೆಯುತ್ತಿದೆ. ಕಲೆಯ ಗುಣದಲ್ಲಿ ಎರಡರ ನಡುವೆ ಹೆಚ್ಚುಕಡಿಮೆ ಹೇಳುವಂತಿಲ್ಲ, ವ್ಯತ್ಯಾಸ ಬಾಡಿಗೆಯದು. ನೀವು ಕಟ್ಟಡ ಕೊಳ್ಳಬೇಕಿಲ್ಲ. ಪಂಚಾಯಿತಿಯ ಸಮುದಾಯ ಭವನದ ಒಂದು ಕೋಣೆಯನ್ನು ಠರಾವಿನ ಮೂಲಕ ಬರೆಸಿಕೊಳ್ಳಿ, ಬಾಯಿಮಾತಿಗೆ ಬೇಡ. ಬಟ್ಟೆ ಇಡಲು ನೆಲದಿಂದ ಎತ್ತರಿಸಿದ ಮುಚ್ಚುವ ಟ್ರಂಕು ಇರಲಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಬೂಷ್ಟು ಹಿಡಿದ ಕೌದಿಯ ವಾಸನೆ ಎಷ್ಟು ಒಗೆದರೂ ಹೋಗುವುದಿಲ್ಲ.

ಅಂಗಡಿಗೆ ಉತ್ತರ ಹೀಗೆ ಬರೆಯಿರಿ. ಮೊದಲ ಕಂತು 40 ಕವರು. ಅಳತೆ ಒಂದೇ, ಬಣ್ಣದ ಬಗೆ ಅವರು ಹೇಳಿದಂತೆ ಎರಡೋ ಮೂರೋ, ಜೋಡಣೆ ಹೊಲಿಯುವವಳದು. ಒಂದಕ್ಕೆ ₹300. ಒಟ್ಟು ₹12,000ದಲ್ಲಿ ₹6,000 ಮುಂಗಡ, ಉಳಿದದ್ದು ಮಾಲು ತಲುಪಿದ 15 ದಿನದೊಳಗೆ. ಗಡುವು ಒಂದು ತಿಂಗಳು. ಅಳತೆಯಲ್ಲಿ ಅರ್ಧ ಇಂಚಿನವರೆಗೆ ಹೆಚ್ಚುಕಡಿಮೆ ಒಪ್ಪಬೇಕು. ಬಣ್ಣ ಬಿಟ್ಟರೆ, ಹೊಲಿಗೆ ಬಿಚ್ಚಿದರೆ, ಜಿಪ್ಪು ಕೆಟ್ಟರೆ ಮಾತ್ರ ವಾಪಸು, ಅದೂ ತಲುಪಿದ ಏಳು ದಿನದೊಳಗೆ. ಕೊರಿಯರ್ ಖರ್ಚು ಹೋಗುವಾಗ ಅವರದು, ತಪ್ಪು ನಿಮ್ಮದಾದರೆ ಬರುವಾಗ ನಿಮ್ಮದು. ಚೀಟಿ ತೆಗೆಯುವಂತಿಲ್ಲ, ಪ್ರಿಂಟ್ ಹೊಡೆಯುವಂತಿಲ್ಲ. ಜೊತೆಗೆ ಎರಡು ಪೂರ್ತಿ ಕೌದಿಯನ್ನು ಮಾರಾಟವಾದ ಮೇಲೆ ಹಣ ಕೊಡುವ ಷರತ್ತಿನಲ್ಲಿ ಕಳಿಸುವುದಾಗಿ ಹೇಳಿ, ಆದರೆ ಮೂರು ತಿಂಗಳಲ್ಲಿ ಮಾರದಿದ್ದರೆ ಅವರ ಖರ್ಚಿನಲ್ಲಿ ವಾಪಸು. ₹300 ಹೆಚ್ಚಾಯಿತು ಎಂದು ಅವರು ಎಳೆದಾಡಿದರೆ ದರ ಇಳಿಸಬೇಡಿ, ಅಳತೆ ಇಳಿಸಿ: 12 ಇಂಚಿನ ಕವರಿಗೆ ಹೊಲಿಗೆ ಏಳೂಕಾಲು ಮೀಟರ್ ಮಾತ್ರ, ₹200ಕ್ಕೆ ಕೊಟ್ಟರೂ ನಿಮ್ಮ ಗಂಟೆಯ ಕೂಲಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.